ರಕ್ತದ ಕಾಯಿಲೆಗೆ ಎದೆ ಕೊಯ್ಯುವುದು ಯಾಕೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಒಳದಾರಿ ಹಿಡಿದರೆ ಸಿಗುವ ನನ್ನ ಸೋದರಮಾವನ ಮನೆಯ ಜಗಲಿಯಲ್ಲಿ ಆ ಸಂಜೆ ಏಳೆಂಟು ಮಂದಿ ಕುಳಿತಿದ್ದೆವು. ಮಾವ ಮಂಗಳೂರಿನ ಆಸ್ಪತ್ರೆಯಲ್ಲಿದ್ದರು. ಹಣ ಹೊಂದಿಸಲೆಂದು ಅತ್ತೆ ಒಂದು ದಿನದ ಮಟ್ಟಿಗೆ ಊರಿಗೆ ಬಂದಿದ್ದರು. ಅಂಗಳದಲ್ಲಿ ಫೋನಿನಲ್ಲಿ ಮಾತಾಡಿ ಬಂದ ಮಾವನ ಮಗ, "ಬಲಗಡೆಯ ಶ್ವಾಸಕೋಶದ ಒಂದು ಭಾಗ ತೆಗೆಯಬೇಕಂತೆ, ನಾಳೆ ಸಹಿ ಹಾಕಬೇಕಂತೆ" ಎಂದ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಇವರಿಗೆ ರಕ್ತದಲ್ಲಿ ಕ್ಯಾನ್ಸರ್ ಎಂದಲ್ಲವೇ ಹೇಳಿದ್ದು? ಮತ್ತೆ ಎದೆ ಕೊಯ್ಯುವುದು ಯಾಕೆ?"

ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕ್ಯಾನ್ಸರ್ ಎದೆಗೂ ಹರಡಿರಬೇಕು ಎಂದರು ಒಬ್ಬರು. ಇಷ್ಟು ನಿತ್ರಾಣನಾದವನಿಗೆ ಚಾಕು ಹಾಕಿದರೆ ಉಳಿಯುವುದಿಲ್ಲ, ಒಪ್ಪಬೇಡಿ ಎಂದರು ಇನ್ನೊಬ್ಬರು. ಮೊದಲನೆಯ ಮಾತು ತಪ್ಪಾಗಿತ್ತು, ಎರಡನೆಯದು ಅರ್ಧ ಸರಿಯಿತ್ತು. ಅದಾದ ಮೇಲೆ ಈ ವಿಷಯವನ್ನು ನಾನು ವೈದ್ಯರಿಂದ ಕೇಳಿ, ಓದಿ, ಹಲವರ ಜೊತೆ ಚರ್ಚಿಸಿ ತಿಳಿದುಕೊಂಡೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಇಂಥದೇ ಜಗಲಿಗಳಲ್ಲಿ ಇಂಥದೇ ಪ್ರಶ್ನೆ ಏಳುತ್ತಿರುತ್ತದೆ. ಅದಕ್ಕೆ ಕನ್ನಡದಲ್ಲಿ ಒಂದು ನೇರವಾದ ಉತ್ತರ ಇರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮಾವನ ಶ್ವಾಸಕೋಶದಲ್ಲಿ ಇದ್ದದ್ದು ಕ್ಯಾನ್ಸರ್ ಅಲ್ಲ, ಬೂಷ್ಟು. ಹಳೆಯ ರೊಟ್ಟಿಯ ಮೇಲೆ, ಮಳೆಗಾಲದ ಗೋಡೆಯ ಮೇಲೆ, ಒಣಗದ ಅಡಿಕೆಯ ಮೇಲೆ ಕಾಣುವ ಬೂಷ್ಟಿನದೇ ಜಾತಿ. ಆಸ್ಪರ್ಜಿಲ್ಲಸ್ ಎಂಬ ಈ ಶಿಲೀಂಧ್ರದ ಬೀಜಕಣಗಳು 2ರಿಂದ 3 ಮೈಕ್ರಾನ್‌ನಷ್ಟು ಸಣ್ಣವು. ಕೂದಲೆಳೆಯ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ಮೂಗು, ಗಂಟಲು ಯಾವುದೂ ತಡೆಯದೆ ಶ್ವಾಸಕೋಶದ ತೀರಾ ಒಳಗಿನ ಗಾಳಿಗೂಡಿನವರೆಗೆ ಹೋಗಿ ಕೂರುತ್ತವೆ. ಇದನ್ನು ಓದುತ್ತಿರುವ ನೀವೂ ಇವತ್ತು ನೂರಾರು ಕಣಗಳನ್ನು ಉಸಿರಿನ ಜೊತೆ ಎಳೆದುಕೊಂಡಿದ್ದೀರಿ. ನಿಮಗೇನೂ ಆಗುವುದಿಲ್ಲ, ಏಕೆಂದರೆ ಗಾಳಿಗೂಡಿನಲ್ಲಿ ಕಾವಲಿರುವ ಕೋಶಗಳು ಅವನ್ನು ನುಂಗುತ್ತವೆ. ಅವುಗಳ ಕಣ್ಣು ತಪ್ಪಿಸಿ ಮೊಳಕೆಯೊಡೆದವನ್ನು ರಕ್ತದಲ್ಲಿರುವ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ಮುತ್ತಿ ಕೊಲ್ಲುತ್ತವೆ.

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಬಂದವರಲ್ಲಿ ಕೆಡುವುದು ಈ ಎರಡನೆಯ ಕಾವಲು. ತೀವ್ರ ಮಯಲಾಯ್ಡ್ ಲ್ಯುಕೇಮಿಯಾದಲ್ಲಿ ಮೂಳೆಯ ಮಜ್ಜೆ ಕೆಲಸಕ್ಕೆ ಬಾರದ ಕಣಗಳನ್ನು ಹುಟ್ಟಿಸುತ್ತಿರುತ್ತದೆ. ಅದನ್ನು ನಿಲ್ಲಿಸಲು ಕೊಡುವ ಕೀಮೋ ಮಜ್ಜೆಯನ್ನು ಪೂರ್ತಿ ಬರಿದು ಮಾಡುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1,500ಕ್ಕಿಂತ ಹೆಚ್ಚಿರಬೇಕಾದ ನ್ಯೂಟ್ರೋಫಿಲ್‌ಗಳು 500ಕ್ಕಿಂತ ಕೆಳಗೆ, ಎಷ್ಟೋ ಸಲ ಸೊನ್ನೆಗೇ ಇಳಿಯುತ್ತವೆ. ಮೂರು ನಾಲ್ಕು ದಿನ ಹೀಗಿದ್ದರೆ ಶಿಲೀಂಧ್ರದ ಅಪಾಯ ಅಷ್ಟಾಗಿ ಇಲ್ಲ. ಹತ್ತು ದಿನ ಮೀರಿದರೆ ಅಪಾಯ ಏರುತ್ತದೆ, ಮಯಲಾಯ್ಡ್ ಲ್ಯುಕೇಮಿಯಾದ ಮೊದಲ ಸುತ್ತಿನ ಕೀಮೋದಲ್ಲಿ ಈ ಬರ ಮೂರು ನಾಲ್ಕು ವಾರ ನಡೆಯುವುದುಂಟು. ಬೇರೆಯವರ ಮಜ್ಜೆ ಕಸಿ ಮಾಡಿಸಿಕೊಂಡವರಲ್ಲಿ, ಬಹುಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಅಪಾಯ ತಿಂಗಳುಗಟ್ಟಲೆ ಇರುತ್ತದೆ.

ನಮ್ಮ ಊರಿನ ಬದುಕನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಅಡಿಕೆ ಸುಲಿದು ಗುಡ್ಡೆ ಹಾಕಿದ ಸಿಪ್ಪೆ, ಹಟ್ಟಿಗೊಬ್ಬರ, ಮರದ ಬುಡಕ್ಕೆ ಹೊದಿಸಿದ ಸೊಪ್ಪು, ಆಟಿಯ ಮಳೆಗೆ ಒದ್ದೆಯಾದ ಅಟ್ಟ, ಇವೆಲ್ಲ ಆಸ್ಪರ್ಜಿಲ್ಲಸ್ ಹುಲುಸಾಗಿ ಬೆಳೆಯುವ ತಾಣಗಳು. ಕೊಳೆಯುವ ಸಸ್ಯವೇ ಅದರ ಆಹಾರ. ಹಾಗೆಂದು ತೋಟದವರಿಗಷ್ಟೇ ಈ ರೋಗ ಬರುತ್ತದೆ ಎಂದು ತಿಳಿಯಬಾರದು. ನಗರದಲ್ಲಿ ಕಟ್ಟಡ ಒಡೆಯುವಾಗ, ನೆಲ ಅಗೆಯುವಾಗ ಏಳುವ ದೂಳಿನಲ್ಲೂ ಅದು ಇದೆ. ಆಸ್ಪತ್ರೆಯ ಆವರಣದಲ್ಲೇ ಕಟ್ಟಡ ಕೆಲಸ ನಡೆದಾಗ ಕ್ಯಾನ್ಸರ್ ವಾರ್ಡಿನಲ್ಲಿ ಈ ಸೋಂಕು ಒಮ್ಮೆಗೇ ಹೆಚ್ಚಿದ ದಾಖಲೆಗಳು ಹಲವು ದೇಶಗಳಲ್ಲಿವೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಅಗಲ ಮಾಡುವಾಗ ಬಸ್ಸಿನ ಕಿಟಕಿ ತೆರೆದು ಮಂಗಳೂರಿಗೆ ಕೀಮೋಗೆ ಹೋಗಿಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಅವರಲ್ಲಿ ಯಾರಿಗಾದರೂ ಒಂದು ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ ಎಂದು ಯಾರಾದರೂ ಹೇಳಿದ್ದರೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಮಾವನಿಗೆ ಕೀಮೋ ಶುರುವಾದ ಹದಿನಾರನೆಯ ದಿನ ಜ್ವರ ಬಂತು. ಆ್ಯಂಟಿಬಯೋಟಿಕ್ ಕೊಟ್ಟರು, ಬಿಡಲಿಲ್ಲ. ಬದಲಿಸಿದರು, ಆಗಲೂ ಬಿಡಲಿಲ್ಲ. ಎದೆಯ ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಮಯಲಾಯ್ಡ್ ಲ್ಯುಕೇಮಿಯಾದ ರೋಗಿಯ ಮನೆಯವರು ಈ ಘಟ್ಟವನ್ನು ಗುರುತಿಟ್ಟುಕೊಳ್ಳಬೇಕು. ನ್ಯೂಟ್ರೋಫಿಲ್ ಇಲ್ಲದವರಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದೆ ನಾಲ್ಕೈದು ದಿನ ಮುಂದುವರಿದ ಜ್ವರವೆಂದರೆ, ಬೇರೆ ಕಾರಣ ಸಿಗುವವರೆಗೆ, ಶಿಲೀಂಧ್ರವಿರಬಹುದು ಎಂದೇ ನೋಡಬೇಕು. ಎಕ್ಸ್-ರೇ ಸರಿಯಿದೆ ಎಂಬುದರಲ್ಲಿ ಸಮಾಧಾನಪಡುವಂಥದ್ದು ಏನೂ ಇಲ್ಲ, ಸಿ.ಟಿ. ಸ್ಕ್ಯಾನ್ ಆಗಬೇಕು. ಮಾವನಿಗೆ ಸಿ.ಟಿ. ಆದದ್ದು ಜ್ವರ ಬಂದ ಏಳನೆಯ ದಿನ.

ಆ ಫಿಲ್ಮನ್ನು ಕಿರಿಯ ವೈದ್ಯೆಯೊಬ್ಬರು ವಾರ್ಡಿನ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಕಪ್ಪಾದ ಶ್ವಾಸಕೋಶದ ನಡುವೆ ಗೋಲಿಯಷ್ಟು ದೊಡ್ಡ ಬಿಳಿಯ ಗಂಟು. ಅದರ ಸುತ್ತ, ಮಂಜಿನ ರಾತ್ರಿ ಚಂದ್ರನಿಗೆ ಕೊಡೆ ಕಟ್ಟಿದಂತೆ, ಮಸುಕಾದ ಒಂದು ವರ್ತುಲ. "ನಡುವಿನದು ಬೂಷ್ಟು ಮತ್ತು ಸತ್ತ ಭಾಗ. ಸುತ್ತಲಿನದು ಒಸರಿದ ರಕ್ತ" ಎಂದರು. ಈ ವರ್ತುಲ ಕಾಣುವುದು ಆರಂಭದ ದಿನಗಳಲ್ಲಿ ಮಾತ್ರ, ತಡವಾದರೆ ಮಾಸಿಹೋಗುತ್ತದೆ.

ಈ ಶಿಲೀಂಧ್ರದ ಗುಣವೇ ರಕ್ತನಾಳವನ್ನು ಕೊರೆದು ಒಳಗೆ ನುಗ್ಗುವುದು. ನುಗ್ಗಿದ ಕಡೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಮುಂದಿನ ಭಾಗಕ್ಕೆ ರಕ್ತ ಹೋಗದೆ ಆ ಅಂಗಾಂಶ ಸಾಯುತ್ತದೆ. ಔಷಧಿಯೂ ರಕ್ತದ ಮೂಲಕವೇ ತಾನೇ ತಲುಪಬೇಕು? ನಾಳವೇ ಮುಚ್ಚಿಹೋದಲ್ಲಿಗೆ ಎಷ್ಟು ದುಬಾರಿಯ ಔಷಧಿ ಕೊಟ್ಟರೂ ಅದು ಅಂಚಿನಲ್ಲಿ ನಿಲ್ಲುತ್ತದೆ, ಶಿಲೀಂಧ್ರ ಸತ್ತ ಮಾಂಸದ ಒಳಗೆ ಅಡಗಿ ಕೂರುತ್ತದೆ. ಎದೆ ಕೊಯ್ಯುವ ಮಾತು ಹುಟ್ಟುವುದು ಇಲ್ಲಿಂದ.

ಇನ್ನೊಂದು ಸಂಗತಿ ಇದೆ. ಕೇಳಿದಾಗ ನನಗೆ ನಂಬಲಾಗಲಿಲ್ಲ. ಬಿಳಿ ಕಣಗಳು ಇಲ್ಲದಿರುವಾಗ ಶಿಲೀಂಧ್ರ ಹರಡುತ್ತದೆ, ಸರಿ. ಆದರೆ ಭಾರೀ ರಕ್ತಸ್ರಾವದ ಅಪಾಯ ಹೆಚ್ಚುವುದು ಬಿಳಿ ಕಣಗಳು ಮರಳಿ ಬರುವಾಗ. ಹೊಸದಾಗಿ ಹುಟ್ಟಿದ ನ್ಯೂಟ್ರೋಫಿಲ್‌ಗಳು ಸೋಂಕಿನ ಜಾಗಕ್ಕೆ ಧಾವಿಸಿ ಸತ್ತ ಭಾಗವನ್ನು ಕರಗಿಸತೊಡಗುತ್ತವೆ. ಸತ್ತ ಭಾಗ ಆರೋಗ್ಯವಾದ ಭಾಗದಿಂದ ಬಿಟ್ಟುಕೊಂಡು ನಡುವೆ ಗಾಳಿ ತುಂಬುತ್ತದೆ, ಸ್ಕ್ಯಾನಿನಲ್ಲಿ ಅದು ಬಿದಿಗೆಯ ಚಂದ್ರನಂತೆ ಕಾಣುತ್ತದೆ. ಗಂಟಿನ ಪಕ್ಕದಲ್ಲೇ ಶ್ವಾಸಕೋಶದ ದೊಡ್ಡ ರಕ್ತನಾಳವಿದ್ದು ಅದರ ಗೋಡೆ ಮೊದಲೇ ಸವೆದಿದ್ದರೆ, ಆಗ ಒಡೆಯಬಹುದು. ಕಣಗಳ ಲೆಕ್ಕ ಏರಿತು ಎಂದು ಮನೆಯವರು ಸಿಹಿ ಹಂಚುವ ದಿನವೇ ರೋಗಿ ಕೆಮ್ಮಿ ರಕ್ತ ಉಗುಳುವುದು ಹೀಗೆ. ಮಾವನ ನ್ಯೂಟ್ರೋಫಿಲ್ ಲೆಕ್ಕ 900 ಮುಟ್ಟಿದ ಬೆಳಗ್ಗೆ ಅವರ ಕರವಸ್ತ್ರದಲ್ಲಿ ರಕ್ತ ಕಂಡಿತು. ಎರಡು ಚಮಚದಷ್ಟಿತ್ತು. ಅಂದು ಸಂಜೆಯೇ ಎದೆಯ ಶಸ್ತ್ರಚಿಕಿತ್ಸಕರು ಬಂದು ನೋಡಿದರು.

ಔಷಧಿಯನ್ನು ಬಿಟ್ಟು ಶಸ್ತ್ರಚಿಕಿತ್ಸೆಯ ಮಾತಾಡುವಂತಿಲ್ಲ. ಆಸ್ಪರ್ಜಿಲ್ಲಸ್ ಸೋಂಕು ತಗಲಿದ ಬಹುಪಾಲು ರೋಗಿಗಳಿಗೆ ಕೊಯ್ಯುವ ಅಗತ್ಯ ಬೀಳುವುದಿಲ್ಲ. 2002ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ವೊರಿಕೊನಝೋಲ್ ಎಂಬ ಶಿಲೀಂಧ್ರದ ಔಷಧಿ ಪಡೆದವರಲ್ಲಿ 12 ವಾರಗಳ ಹೊತ್ತಿಗೆ ಬದುಕುಳಿದವರು ಶೇ 70.8. ಹಳೆಯ ಆಂಫೊಟೆರಿಸಿನ್ ಪಡೆದವರಲ್ಲಿ ಶೇ 57.9. ಅಲ್ಲಿಂದೀಚೆಗೆ ವೊರಿಕೊನಝೋಲ್ ಮೊದಲ ಆಯ್ಕೆಯಾಯಿತು. ಐಸಾವುಕೊನಝೋಲ್, ಪೊಸಕೊನಝೋಲ್ ಆಮೇಲೆ ಅದರ ಸಾಲಿಗೆ ಸೇರಿದವು. ಕನಿಷ್ಠ 6ರಿಂದ 12 ವಾರ ಔಷಧಿ ತೆಗೆದುಕೊಳ್ಳಬೇಕು. ಔಷಧಿ ಶುರುವಾದ ಮೊದಲ ವಾರ ಹತ್ತು ದಿನಗಳಲ್ಲಿ ಸ್ಕ್ಯಾನಿನಲ್ಲಿ ಗಂಟು ದೊಡ್ಡದಾಗಿ ಕಂಡರೆ ಔಷಧಿ ಸೋತಿತು ಎಂದು ಅರ್ಥವಲ್ಲ, ಹಾಗೆ ದೊಡ್ಡದಾಗುವುದು ಸಾಮಾನ್ಯ. ಅದನ್ನು ನೋಡಿ ಗಾಬರಿಯಾಗಿ ಕೊಯ್ದುಬಿಡಿ ಎಂದು ಒತ್ತಾಯಿಸುವವರನ್ನೂ ನಾನು ಕಂಡಿದ್ದೇನೆ.

ಮ್ಯೂಕರ್ ಜಾತಿಯ ಶಿಲೀಂಧ್ರವಾದರೆ ಲೆಕ್ಕವೇ ಬೇರೆ. 2021ರ ಬೇಸಿಗೆಯಲ್ಲಿ ಕೋವಿಡ್ಡಿನ ಬೆನ್ನಿಗೆ ಬಂದ 'ಕಪ್ಪು ಶಿಲೀಂಧ್ರ' ಇದೇ. ಆ ವರ್ಷ ಜೂನ್ ಕೊನೆಯ ಹೊತ್ತಿಗೆ ದೇಶದಲ್ಲಿ 40 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾಗಿದ್ದವು. ಆಂಫೊಟೆರಿಸಿನ್ ಚುಚ್ಚುಮದ್ದಿಗೆ ಜನ ಊರೂರು ಅಲೆದದ್ದು ಎಲ್ಲರಿಗೂ ನೆನಪಿರಬಹುದು. ಕಪ್ಪು ಎಂಬುದು ಅದು ಕೊಂದ ಮಾಂಸದ ಬಣ್ಣ, ಶಿಲೀಂಧ್ರದ್ದಲ್ಲ. ಅಂದು ಹೆಚ್ಚಾಗಿ ಮೂಗು, ಕಣ್ಣು ಹಿಡಿದ ಇದೇ ಸೋಂಕು ರಕ್ತದ ಕ್ಯಾನ್ಸರ್ ಇರುವವರಲ್ಲಿ ಶ್ವಾಸಕೋಶವನ್ನು ಹಿಡಿಯುವುದು ಹೆಚ್ಚು. ವೊರಿಕೊನಝೋಲ್‌ಗೆ ಇದು ಬಗ್ಗುವುದಿಲ್ಲ. ಆಸ್ಪರ್ಜಿಲ್ಲಸ್ ಪತ್ತೆಗೆ ಮಾಡುವ ಗ್ಯಾಲಕ್ಟೊಮನ್ನಾನ್ ಎಂಬ ರಕ್ತಪರೀಕ್ಷೆಯಲ್ಲಿ ಇದು ಸಿಕ್ಕುವುದೂ ಇಲ್ಲ. ಆಂಫೊಟೆರಿಸಿನ್ ಒಂದರಿಂದಲೇ ಗೆಲ್ಲುವುದು ಕಷ್ಟ, ಸಾಧ್ಯವಿದ್ದಲ್ಲೆಲ್ಲ ಬೇಗ ಕೊಯ್ದು ತೆಗೆಯಿರಿ ಎಂದೇ 2019ರ ಜಾಗತಿಕ ಮಾರ್ಗಸೂಚಿ ಹೇಳುತ್ತದೆ. ಹಾಗಾಗಿ ಗಂಟಿನಲ್ಲಿರುವುದು ಯಾವ ಜಾತಿ ಎಂದು ಗೊತ್ತುಮಾಡಿಕೊಳ್ಳುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಶ್ವಾಸನಾಳಕ್ಕೆ ಕೊಳವೆ ಇಳಿಸಿ ತೊಳೆದು ತೆಗೆದ ದ್ರವದ ಪರೀಕ್ಷೆಗೆ ಮನೆಯವರು ಹೆದರಿ ಬೇಡ ಎನ್ನುವುದನ್ನು ಕೇಳಿದ್ದೇನೆ. ಆ ಪರೀಕ್ಷೆಯ ಬೆಲೆ ಏನೆಂದು ಅವರಿಗೆ ಯಾರಾದರೂ ಹೇಳಬೇಕು.

ಹಾಗಾದರೆ ಆಸ್ಪರ್ಜಿಲ್ಲಸ್ ರೋಗಿಗೆ ಕೊಯ್ಯುವುದು ಯಾವಾಗ? ಗಂಟು ದೊಡ್ಡ ರಕ್ತನಾಳಕ್ಕೋ ಹೃದಯದ ಹೊದಿಕೆಗೋ ತಾಗಿದ್ದರೆ, ಪಕ್ಕೆಲುಬನ್ನು ಕೊರೆಯುತ್ತಿದ್ದರೆ, ಒಂದೇ ಕುಹರದಿಂದ ರಕ್ತ ಬರುತ್ತಿದ್ದರೆ. ಉಳಿದದ್ದು ಮತ್ತೊಂದು ಸಂದರ್ಭ. ತುಂಬ ಸೂಕ್ಷ್ಮವಾದದ್ದು ಅದೇ. ಲ್ಯುಕೇಮಿಯಾಕ್ಕೆ ಒಂದು ಸುತ್ತಿನ ಕೀಮೋ ಸಾಲದು. ಎರಡನೆಯ, ಮೂರನೆಯ ಸುತ್ತು ಬೇಕು, ಕೆಲವರಿಗೆ ಮಜ್ಜೆ ಕಸಿ ಬೇಕು. ಪ್ರತಿ ಸುತ್ತಿನಲ್ಲೂ ನ್ಯೂಟ್ರೋಫಿಲ್ ಮತ್ತೆ ನೆಲಕಚ್ಚುತ್ತದೆ. ಎದೆಯೊಳಗೆ ಅರೆಸತ್ತ ಬೂಷ್ಟು ಕುಳಿತಿದ್ದರೆ ಆಗ ಮತ್ತೆ ಚಿಗುರಬಹುದು. ಅದಕ್ಕೆ ಹೆದರಿ ಕೀಮೋ ಮುಂದೂಡಿದರೆ ಲ್ಯುಕೇಮಿಯಾ ಮರಳಬಹುದು. ಈ ಇಕ್ಕಟ್ಟಿನಿಂದ ಪಾರಾಗಲು, ಗಂಟು ಒಂದೇ ಇದ್ದು ಒಂದೇ ಕಡೆ ಇದ್ದರೆ, ಎರಡು ಸುತ್ತುಗಳ ನಡುವಿನ ಬಿಡುವಿನಲ್ಲಿ ಅದನ್ನು ತೆಗೆದುಹಾಕಿ ಕೀಮೋ ಮುಂದುವರಿಸುವ ದಾರಿ ಇದೆ. ಆ ಬಿಡುವು ಕೆಲವೇ ವಾರಗಳದ್ದು.

ಶಸ್ತ್ರಚಿಕಿತ್ಸಕರು ಇದನ್ನೆಲ್ಲ ವಿವರಿಸಿದಾಗ ನಮಗಿಂತ ಮೊದಲು ಅರ್ಥವಾದದ್ದು ಮಾವನಿಗೆ. "ಕೊಳೆ ಬಂದ ಗೊನೆಯನ್ನು ಇಳಿಸಿ ಮತ್ತೆ ಮದ್ದು ಬಿಡುವುದಲ್ಲವೇ ಡಾಕ್ಟ್ರೇ?" ಎಂದರು. ನಲವತ್ತು ವರ್ಷ ಅಡಿಕೆ ತೋಟ ಮಾಡಿದ ಮನುಷ್ಯ. ಮಳೆ ಹಿಡಿಯುವ ಮೊದಲು ಮೈಲುತುತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವುದು, ನಲವತ್ತು ದಿನ ಬಿಟ್ಟು ಮತ್ತೊಮ್ಮೆ ಹೊಡೆಯುವುದು, ಇಷ್ಟಾದರೂ ಕೊಳೆ ತಗಲಿದ ಗೊನೆಯನ್ನು ಪಕ್ಕದ್ದಕ್ಕೆ ಹರಡುವ ಮೊದಲು ಇಳಿಸುವುದು ಅವರಿಗೆ ಕರತಲಾಮಲಕ. ಹೋಲಿಕೆ ಬಹುಮಟ್ಟಿಗೆ ಕೂಡುತ್ತದೆ. ಅಪಾಯ ಹೆಚ್ಚಿರುವವರಿಗೆ ಕೀಮೋ ಜೊತೆಯಲ್ಲೇ ಪೊಸಕೊನಝೋಲ್ ಕೊಡುವುದು ಮಳೆಗೆ ಮುಂಚಿನ ಮದ್ದಿನಂತೆಯೇ. ಕೂಡದ ಕಡೆಯೂ ಒಂದಿದೆ. ಗೊನೆ ಇಳಿಸಿದರೆ ಮರಕ್ಕೆ ಗಾಯವಾಗುವುದಿಲ್ಲ, ಮನುಷ್ಯನಿಗೆ ಆಗುತ್ತದೆ.

ಆ ಗಾಯದ ವಿಚಾರ ಹೇಳಬೇಕು. ಬಲಗಡೆಯ ಶ್ವಾಸಕೋಶದಲ್ಲಿ ಮೂರು ಹಾಲೆಗಳಿವೆ, ಎಡಗಡೆ ಎರಡು. ಗಂಟು ಅಂಚಿನಲ್ಲಿದ್ದರೆ ಅಷ್ಟು ಭಾಗವನ್ನು ಮಾತ್ರ ಕತ್ತರಿಸಬಹುದು, ಒಳಗೆ ನಾಳಗಳ ಬಳಿ ಇದ್ದರೆ ಇಡೀ ಹಾಲೆಯನ್ನೇ ತೆಗೆಯಬೇಕಾಗುತ್ತದೆ. ಒಂದು ಬದಿಯ ಶ್ವಾಸಕೋಶ ಪೂರ್ತಿ ತೆಗೆಯುವುದು ತೀರಾ ಅಪರೂಪ, ಅಪಾಯವೂ ಬಹಳ. ಕೆಲವರಿಗೆ ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಮಾಡಬಹುದು. ಸೋಂಕಿನಿಂದ ಒಳಗೆಲ್ಲ ಅಂಟಿಕೊಂಡಿದ್ದರೆ ಪಕ್ಕೆ ತೆರೆಯದೆ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಸಾಮಾನ್ಯವಾಗಿ 50 ಸಾವಿರಕ್ಕಿಂತ ಮೇಲಿರಬೇಕು. ಲ್ಯುಕೇಮಿಯಾದವರಲ್ಲಿ ಅದೇ ಇರುವುದಿಲ್ಲ, ಹಾಗಾಗಿ ರಕ್ತದಾನಿಗಳು ಸಾಲುಗಟ್ಟಿ ನಿಲ್ಲಬೇಕಾಗುತ್ತದೆ. ಮಾವನಿಗಾಗಿ ಕುಂಬಳೆಯ ಹುಡುಗರು ಆರು ಮಂದಿ ರಾತ್ರಿ ಬಸ್ಸಿಗೆ ಬಂದಿದ್ದರು. ಕೊಯ್ದ ಮೇಲೆ ಗಾಳಿ ಸೋರುವುದು ನಿಲ್ಲದಿರಬಹುದು, ಎದೆಗೂಡಿನಲ್ಲಿ ಕೀವು ತುಂಬಬಹುದು, ಶ್ವಾಸನಾಳದ ಹೊಲಿಗೆ ಬಿಡಬಹುದು. ಇವುಗಳಿಂದ ಸತ್ತವರೂ ಇದ್ದಾರೆ. ಸೋಂಕು ಎರಡೂ ಬದಿಗೆ ಹರಡಿದ್ದರೆ, ಮಿದುಳು ಮುಟ್ಟಿದ್ದರೆ, ಲ್ಯುಕೇಮಿಯಾ ಹತೋಟಿಗೇ ಬಾರದಿದ್ದರೆ ಕೊಯ್ಯುವುದರಿಂದ ಬಹುಮಟ್ಟಿಗೆ ಏನೂ ಸಿಗುವುದಿಲ್ಲ. ಜಗಲಿಯಲ್ಲಿ ಕೇಳಿದ ಎರಡನೆಯ ಮಾತು ಅರ್ಧ ಸರಿಯಿತ್ತು ಎಂದದ್ದು ಇದಕ್ಕೇ.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ನಾನು ಹೋದಾಗ ಮಾವನ ಪಕ್ಕೆಯಿಂದ ಹೊರಟ ಕೊಳವೆ ಮಂಚದ ಕೆಳಗಿನ ನೀರಿನ ಬಾಟಲಿಗೆ ಇಳಿದಿತ್ತು. ಅವರು ಕೆಮ್ಮಿದಾಗಲೆಲ್ಲ ನೀರಿನಲ್ಲಿ ಗುಳ್ಳೆ ಏಳುತ್ತಿತ್ತು. ಗುಳ್ಳೆ ನಿಂತರೆ ಗಾಯ ಮುಚ್ಚಿದೆ ಎಂದು ಲೆಕ್ಕ. ಅತ್ತೆ ಕುರ್ಚಿಯಲ್ಲಿ ಕುಳಿತು ಆ ಬಾಟಲಿಯನ್ನೇ ನೋಡುತ್ತಿದ್ದರು. ಮಾವನ ಕೈಯಲ್ಲಿ ಮೂರು ಚೆಂಡುಗಳಿದ್ದ ಪ್ಲಾಸ್ಟಿಕ್ ಉಪಕರಣ. ಉಸಿರೆಳೆದು ಚೆಂಡು ಏರಿಸಬೇಕು. ಒಂದು ಏರಿತು, ಎರಡನೆಯದು ಅಲುಗಾಡಿ ಕೂತಿತು. ಐದು ದಿನಕ್ಕೆ ಎರಡು ಏರಿದವು. ಮೂರನೆಯದು ಇವತ್ತಿಗೂ ಅರ್ಧಕ್ಕೆ ನಿಲ್ಲುತ್ತದೆ, ಗುಡ್ಡೆಯ ಮೇಲಿನ ತೋಟಕ್ಕೆ ಹತ್ತುವಾಗ ಎರಡು ಕಡೆ ಕೂರುತ್ತಾರೆ.

ಕೊಯ್ಯಿಸಿಕೊಂಡವರು ಹೆಚ್ಚು ಕಾಲ ಬದುಕುತ್ತಾರೆಯೇ? ಪ್ರಕಟವಾದ ವರದಿಗಳಲ್ಲಿ ಹಲವು ಹೌದು ಎನ್ನುತ್ತವೆ. ಆದರೆ ಅವನ್ನು ಎಚ್ಚರದಿಂದ ಓದಬೇಕು. ಅವುಗಳಲ್ಲಿ ಬಹುತೇಕ ಒಂದೊಂದು ಆಸ್ಪತ್ರೆಯವರು ತಮ್ಮ ಹಳೆಯ ಕಡತಗಳನ್ನು ತೆಗೆದು ನೋಡಿ ಬರೆದವು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಕೊಯ್ದು, ಕೊಯ್ಯದೆ ಹೋಲಿಸಿದ ಪ್ರಯೋಗದಿಂದ ಬಂದ ಮಾತಲ್ಲ ಅದು. ಕೊಯ್ಯಲು ಆಯ್ಕೆಯಾಗುವವರು ಮೊದಲೇ ಸ್ವಲ್ಪ ಗಟ್ಟಿ ಇರುವವರು, ಒಂದೇ ಗಂಟು ಇರುವವರು, ಕೀಮೋಗೆ ಲ್ಯುಕೇಮಿಯಾ ಬಗ್ಗಿದವರು. ಅವರು ಕೊಯ್ಯದೆಯೂ ಉಳಿಯುತ್ತಿದ್ದರೇನೋ. ಔಷಧಿಗಳು ಸುಧಾರಿಸಿದಂತೆ ಶ್ವಾಸಕೋಶದಲ್ಲಿ ಹಳೆಯ ಶಿಲೀಂಧ್ರದ ಗಂಟು ಇಟ್ಟುಕೊಂಡೇ ಔಷಧಿಯ ರಕ್ಷಣೆಯಲ್ಲಿ ಮಜ್ಜೆ ಕಸಿ ದಾಟಿದವರು ಹೆಚ್ಚುತ್ತಿದ್ದಾರೆ. ಆದ್ದರಿಂದ ಇಬ್ಬರು ಒಳ್ಳೆಯ ವೈದ್ಯರು ಒಂದೇ ಸ್ಕ್ಯಾನ್ ನೋಡಿ ಬೇರೆಬೇರೆ ಸಲಹೆ ಕೊಟ್ಟರೆ ಅದರಲ್ಲಿ ಮೋಸ ಹುಡುಕಬೇಕಿಲ್ಲ. ನನ್ನ ಅಭಿಪ್ರಾಯ ಇಷ್ಟು: ಗಂಟು ಕಂಡ ದಿನವೇ ಎದೆಯ ಶಸ್ತ್ರಚಿಕಿತ್ಸಕರೊಬ್ಬರು ಆ ಸ್ಕ್ಯಾನನ್ನು ನೋಡಿರಬೇಕು, ಅವರು ಚಾಕು ಹಿಡಿಯಲಿ, ಬಿಡಲಿ. ರಕ್ತ ಉಗುಳಿದ ಮೇಲೆ ಮೊದಲ ಬಾರಿಗೆ ಅವರನ್ನು ಕರೆಯುವುದು ತೀರಾ ತಡ. ರಕ್ತನಾಳಕ್ಕೆ ಕೊಳವೆ ಹಾಯಿಸಿ ಸ್ರಾವ ನಿಲ್ಲಿಸುವ ವಿಧಾನ ಇದೆ, ಆದರೆ ಒಡೆದದ್ದು ದೊಡ್ಡ ನಾಳವಾದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನಮ್ಮ ಕಡೆ ತಡವಾಗುವುದಕ್ಕೆ ಒಂದು ದೊಡ್ಡ ಕಾರಣ ಕ್ಷಯ. ಜ್ವರ, ಕೆಮ್ಮು, ಕಫದಲ್ಲಿ ರಕ್ತ, ಎದೆಯಲ್ಲಿ ಗಂಟು ಎಂದರೆ ನಮ್ಮ ದೇಶದ ಯಾವ ವೈದ್ಯರ ಮನಸ್ಸಿಗೂ ಮೊದಲು ಬರುವುದು ಕ್ಷಯವೇ, ಅದು ಸಹಜವೂ ಹೌದು. ಕೀಮೋ ನಡುವೆ ಊರಿಗೆ ಬಂದ ರೋಗಿಗೆ ಸ್ಥಳೀಯವಾಗಿ ಕ್ಷಯದ ಮಾತ್ರೆ ಶುರುಮಾಡಿದ ಉದಾಹರಣೆ ನಮ್ಮ ಪಕ್ಕದ ಮನೆಯಲ್ಲೇ ಇದೆ. ಇದರಲ್ಲಿ ಕಾಲ ವ್ಯರ್ಥವಾಗುವುದಲ್ಲದೆ ಇನ್ನೊಂದು ಗಂಡಾಂತರವಿದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರೆ ವೊರಿಕೊನಝೋಲನ್ನು ರಕ್ತದಿಂದ ಹೆಚ್ಚುಕಡಿಮೆ ಅಳಿಸಿಹಾಕುತ್ತದೆ. ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಕೀಮೋದ ವಿನ್‌ಕ್ರಿಸ್ಟಿನ್ ಜೊತೆಗೆ ವೊರಿಕೊನಝೋಲ್ ಸೇರಿದರೆ ನರಗಳಿಗೆ ತೀವ್ರ ಹಾನಿಯಾಗಬಹುದು, ಲ್ಯುಕೇಮಿಯಾದ ಇನ್ನೊಂದು ಔಷಧಿ ವೆನೆಟೊಕ್ಲಾಕ್ಸ್ ಜೊತೆಗೆ ಸೇರಿದರೆ ವೆನೆಟೊಕ್ಲಾಕ್ಸ್‌ನ ಪ್ರಮಾಣವನ್ನು ಬಹಳಷ್ಟು ಇಳಿಸಬೇಕಾಗುತ್ತದೆ. ಒಂದು ಊರಿನ ವೈದ್ಯರು ಬರೆದದ್ದು ಇನ್ನೊಂದು ಊರಿನ ವೈದ್ಯರಿಗೆ ತಿಳಿಯಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ.

ಕಾಸರಗೋಡಿನವರಿಗೆ ಅದು ಸುಲಭವಲ್ಲ. ಮಂಗಳೂರು 50 ಕಿಲೋಮೀಟರ್, ಆದರೆ ಬೇರೆ ರಾಜ್ಯ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಕೇಂದ್ರ ನಮ್ಮದೇ ರಾಜ್ಯದಲ್ಲಿದೆ, ನೂರು ಕಿಲೋಮೀಟರ್ ದಾಟಿ ಹೋಗಬೇಕು. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ ಐನೂರಕ್ಕೂ ಹೆಚ್ಚು. ಜಿಲ್ಲೆಯೊಳಗೇ ಇರುವ ಉಕ್ಕಿನಡ್ಕದ ಸರಕಾರಿ ವೈದ್ಯಕೀಯ ಕಾಲೇಜಿಗೆ 2013ರಲ್ಲಿ ಶಂಕುಸ್ಥಾಪನೆಯಾಯಿತು, 2020ರ ಏಪ್ರಿಲ್‌ನಲ್ಲಿ ಕೋವಿಡ್ ಆಸ್ಪತ್ರೆಯಾಗಿ ಬಾಗಿಲು ತೆರೆಯಿತು. ರಕ್ತದ ಕ್ಯಾನ್ಸರ್ ಎಂದೊಡನೆ ಜಿಲ್ಲೆ ಬಿಟ್ಟು ಹೊರಡುವ ರೂಢಿ ಮಾತ್ರ ಹಾಗೆಯೇ ಇದೆ. ಅದೇ 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿಯ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರನ್ನು ನೆಚ್ಚಿಕೊಂಡಿದ್ದ ರೋಗಿಗಳು ದಾರಿಯಲ್ಲೇ ಉಳಿದರು, ಸಾವುಗಳೂ ಆದವು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗಡಿ ಎಂಬುದು ನಕ್ಷೆಯ ಗೆರೆಯಷ್ಟೇ ಎಂದುಕೊಂಡು ಬದುಕಿದ್ದ ನಮಗೆ ಅದು ಮರೆಯುವ ಪಾಠವಲ್ಲ.

ಇಂದು ಗಡಿ ತೆರೆದಿದೆ, ಆದರೆ ಕಾಗದಪತ್ರಗಳು ಗಡಿ ದಾಟುವಾಗ ಎಡವುತ್ತವೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುತ್ತದೆ. ಹೋಗುವ ಆಸ್ಪತ್ರೆಯಲ್ಲಿ, ಅದರಲ್ಲೂ ಶಿಲೀಂಧ್ರದ ಔಷಧಿಗೆ, ಅದು ಸಲ್ಲುತ್ತದೆಯೇ ಎಂದು ಕೀಮೋಗೆ ಸೇರುವ ಮೊದಲೇ ಕೇಳಿಟ್ಟುಕೊಳ್ಳಬೇಕು. ಭಾಷೆಯ ತೊಡಕು ಬೇರೆ. ಊರಿನ ಆರೋಗ್ಯ ಕೇಂದ್ರದ ಸೂಚನೆ ಮಲಯಾಳದಲ್ಲಿ, ಮಂಗಳೂರಿನ ಬಿಡುಗಡೆ ಚೀಟಿ ಇಂಗ್ಲಿಷಿನಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ಅತ್ತೆಯಂಥವರು, ರೋಗಿಯ ಪಕ್ಕದಲ್ಲಿ ಹಗಲಿರುಳು ಇರುವವರು, ಎರಡನ್ನೂ ಓದಲಾರರು. ಭಾಷಾ ಅಲ್ಪಸಂಖ್ಯಾತರ ಹಕ್ಕು ಎಂದರೆ ಶಾಲೆ, ಕಚೇರಿಯ ಫಲಕ ಎಂದಷ್ಟೇ ನಾವು ಬಹುಕಾಲ ಹೋರಾಡಿದ್ದೇವೆ. ಎದೆ ಕೊಯ್ಯಲು ಒಪ್ಪಿಗೆ ಕೊಡುವ ಹಾಳೆ ತಮ್ಮ ಭಾಷೆಯಲ್ಲಿರಬೇಕೆಂದು ಕೇಳುವುದೂ ಅದೇ ಹೋರಾಟದ ಭಾಗವಾಗಬೇಕು.

ತೋಟದವರೆಲ್ಲ ಯೋಚಿಸಬೇಕಾದ ಒಂದು ವಿಚಾರ ಉಳಿದಿದೆ. ಅಡಿಕೆಯ ಎಲೆಚುಕ್ಕಿ ರೋಗಕ್ಕೆ ಈಗ ಹೊಡೆಯುವ ಪ್ರೊಪಿಕೊನಝೋಲ್, ಟೆಬುಕೊನಝೋಲ್ ಮತ್ತು ಮಾವನಿಗೆ ಕೊಟ್ಟ ವೊರಿಕೊನಝೋಲ್ ಒಂದೇ ಕುಟುಂಬದ ರಾಸಾಯನಿಕಗಳು. ಮಣ್ಣಿನಲ್ಲಿರುವ ಆಸ್ಪರ್ಜಿಲ್ಲಸ್ ಆ ಸಿಂಪಡಣೆಗೆ ಒಗ್ಗಿಕೊಂಡರೆ ಆಸ್ಪತ್ರೆಯ ಔಷಧಿಗೂ ಜಗ್ಗುವುದಿಲ್ಲ. ಇಂಥ ತಳಿಗಳು ಮೊದಲು ಗಮನಕ್ಕೆ ಬಂದದ್ದು ನೆದರ್ಲೆಂಡ್ಸಿನಲ್ಲಿ, 2012ರ ಹೊತ್ತಿಗೆ ಭಾರತದಲ್ಲೂ ವರದಿಯಾದವು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಲೀಂಧ್ರಗಳ ಆದ್ಯತಾ ಪಟ್ಟಿ ಹೊರತಂದಾಗ ಆಸ್ಪರ್ಜಿಲ್ಲಸ್ ಫ್ಯೂಮಿಗೇಟಸ್ ಅತ್ಯಂತ ಗಂಭೀರ ಗುಂಪಿನಲ್ಲಿತ್ತು. ಔಷಧಿ ಸೋತಷ್ಟೂ ಚಾಕುವಿನ ಮೇಲಿನ ಭಾರ ಹೆಚ್ಚುತ್ತದೆ. ಎಲೆಚುಕ್ಕಿಯಿಂದ ತೋಟವೇ ಹೋಗುತ್ತಿರುವವರಿಗೆ ಮದ್ದು ಹೊಡೆಯಬೇಡಿ ಎನ್ನುವ ಧೈರ್ಯ ನನಗಿಲ್ಲ. ಹೇಳಿದ ಪ್ರಮಾಣ ಮೀರಬೇಡಿ, ಒಂದೇ ಮದ್ದನ್ನು ವರ್ಷವರ್ಷವೂ ಹೊಡೆಯಬೇಡಿ ಎನ್ನಬಲ್ಲೆ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದರ ಫಲವನ್ನು ಇಂದಿಗೂ ಉಣ್ಣುತ್ತಿರುವ ಜಿಲ್ಲೆಯಲ್ಲಿ ಸಿಂಪಡಣೆಯ ಬಗ್ಗೆ ಪ್ರಶ್ನೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕಾಸರಗೋಡಿನಲ್ಲೇ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ಇದೆ. ನಮ್ಮ ಮಣ್ಣಿನ ಆಸ್ಪರ್ಜಿಲ್ಲಸ್ ಈ ಮದ್ದುಗಳಿಗೆ ಎಷ್ಟು ಒಗ್ಗಿದೆ ಎಂಬುದನ್ನು ಕೃಷಿ ವಿಜ್ಞಾನಿಗಳೂ ವೈದ್ಯರೂ ಜೊತೆಗೂಡಿ ಪರೀಕ್ಷಿಸುವುದು ಅತಿಯಾಸೆಯ ಬೇಡಿಕೆಯೇನಲ್ಲ.

ಮಾವನಿಗೆ ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ವಾರ ಎರಡನೆಯ ಸುತ್ತಿನ ಕೀಮೋ ಶುರುವಾಯಿತು, ವೊರಿಕೊನಝೋಲ್ ಜೊತೆಯಲ್ಲೇ ನಡೆಯಿತು. ಮಾತ್ರೆ ನುಂಗಿದ ಅರ್ಧ ಗಂಟೆಗೆ ಕಣ್ಣೆದುರು ಬಣ್ಣಗಳು ಕದಡುತ್ತವೆ ಎನ್ನುತ್ತಿದ್ದರು. ಆ ಮಾತ್ರೆಯ ಗುಣವೇ ಹಾಗೆ ಎಂದು ಮೊದಲೇ ಗೊತ್ತಿದ್ದರಿಂದ ಯಾರೂ ಹೆದರಲಿಲ್ಲ. ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ ಎಂದು ಅಂಗಳಕ್ಕೂ ಇಳಿಯುತ್ತಿರಲಿಲ್ಲ. ಕೀಮೋ ಎಲ್ಲ ಮುಗಿದು ಈಗ ಎರಡು ಮಳೆಗಾಲ ಕಳೆದಿವೆ. ಅಡಿಕೆ ಸುಲಿಯುವ ದಿನ ಅವರು ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ, ಸಿಪ್ಪೆಯ ಗುಡ್ಡೆಯನ್ನು ಮನೆಯಿಂದ ದೂರ ಸರಿಸಿದ್ದೇವೆ.

ಅತ್ತೆಯ ಪ್ಲಾಸ್ಟಿಕ್ ಫೈಲಿನಲ್ಲಿ, ರೇಷನ್ ಕಾರ್ಡಿನ ಮೇಲೆಯೇ, ಒಂದು ಹಾಳೆ ಇದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ನಾವೇ ಬರೆಸಿ ವೈದ್ಯರಿಂದ ಸಹಿ ಹಾಕಿಸಿದ್ದು. ಯಾವ ಲ್ಯುಕೇಮಿಯಾ, ಯಾವ ಶಿಲೀಂಧ್ರ, ಯಾವ ದಿನ ಯಾವ ಹಾಲೆ ತೆಗೆದರು, ಯಾವ ಔಷಧಿ ಎಷ್ಟು ದಿನ ಕೊಟ್ಟರು, ಯಾವ ಮಾತ್ರೆಗಳನ್ನು ಅದರ ಜೊತೆ ಕೊಡಬಾರದು. ಕೊನೆಯ ಸಾಲು ಅತ್ತೆ ಹೇಳಿ ಬರೆಸಿದ್ದು: "ಜ್ವರ ಬಂದರೆ ಎಕ್ಸ್-ರೇ ಸಾಲದು, ಸಿ.ಟಿ. ಮಾಡಿಸಿ."